ಒಂದೇ ಹೆಸರು, ಬೇರೆ ಗಿಡ: ವಲೇರಿಯನ್ ಬೆಳೆದವರ ಒಂದು ಪ್ರಕರಣ

ನಿದ್ದೆ ಬರದ ಒಬ್ಬರು ತಮ್ಮ ತೋಟದಲ್ಲೇ ನಿದ್ದೆಗೆ ಹೆಸರಾದ ವಲೇರಿಯನ್ ಅನ್ನುವ ಔಷಧಿ ಗಿಡ ಬೆಳೆದು, ಬೇರು ಒಣಗಿಸಿ, ಕುಡಿದು ನೋಡಿದ ಪ್ರಕರಣ ಇದು. ಮೂರೂವರೆ ವರ್ಷ ನಡೆಯಿತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ವೃತ್ತಿ ಯಾವುದೂ ಇಲ್ಲಿ ಬರುವುದಿಲ್ಲ. ನಾನು ಅವರನ್ನು ಮೇಡಂ ಅಂತ ಕರೆಯುತ್ತಿದ್ದೆ, ಇಲ್ಲಿಯೂ ಹಾಗೆಯೇ ಇರಲಿ. ಔಷಧಿ ಗಿಡ ಬೆಳೆಸುವವರಿಗೆ ಸಲಹೆ ಕೊಡುವುದು ನನ್ನ ಕೆಲಸ. ಈ ಪ್ರಕರಣದಲ್ಲಿ ಕೆಲವು ತಪ್ಪು ಅವರದ್ದು, ಒಂದು ದೊಡ್ಡ ತಪ್ಪು ನನ್ನದು. ಎರಡನ್ನೂ ಬರೆದಿದ್ದೇನೆ.

ಹಿನ್ನೆಲೆ

ಮೇಡಂಗೆ ಆಗ 55 ದಾಟಿತ್ತು. ಮಣ್ಣಿನ ಕೆಲಸ ಅವರಿಗೆ ಹೊಸದಲ್ಲ. ಮನೆಯ ಹಿಂದೆ ತರಕಾರಿ ಮಡಿಗಳಿದ್ದವು, ಒಂದೆರಡು ಔಷಧಿ ಗಿಡಗಳೂ ಇದ್ದವು. ಅಲ್ಲಿ ಚಳಿಗಾಲ ಜೋರು. ನೆಲದ ಮೇಲೆ ಹಿಮ ಕೂರುತ್ತದೆ. ವಲೇರಿಯನ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಯುರೋಪ್ ಮತ್ತು ಏಷ್ಯಾದ ತಂಪು ಜಾಗಗಳ ಗಿಡ ಅದು. ಚಳಿಗಾಲದಲ್ಲಿ ಮೇಲಿನ ಎಲೆಯೆಲ್ಲ ಸತ್ತರೂ ಬೇರು ಬದುಕಿರುತ್ತದೆ, ವಸಂತಕ್ಕೆ ಮತ್ತೆ ಚಿಗುರುತ್ತದೆ.

ಅವರ ಕಷ್ಟ ನಿದ್ದೆಯದು. ಹಾಸಿಗೆಗೆ ಹೋದರೆ ಒಂದು ಗಂಟೆ ಹೊರಳಾಟ. ನಿದ್ದೆ ಹತ್ತಿದ ಮೇಲೂ ರಾತ್ರಿಗೆ ಎರಡು ಮೂರು ಸಲ ಎಚ್ಚರ. ಬೆಳಿಗ್ಗೆ ಎದ್ದರೆ ಮಲಗಿಯೇ ಇಲ್ಲವೇನೋ ಅನ್ನುವ ಹಾಗೆ ಸುಸ್ತು. ತೀರಾ ಆಗದಿದ್ದ ದಿನ ಮಾತ್ರ ತಗೊಳ್ಳಿ ಅಂತ ವೈದ್ಯರು ನಿದ್ದೆ ಮಾತ್ರೆ ಬರೆದುಕೊಟ್ಟಿದ್ದರು. ಮೇಡಂಗೆ ಮಾತ್ರೆ ಅಂದರೆ ಭಯ. ಅಭ್ಯಾಸವಾಗಿಬಿಟ್ಟರೆ ಅನ್ನುವ ಭಯ. ಆಗ ಎಲ್ಲೋ ಓದಿದ ವಲೇರಿಯನ್ ಹೆಸರು ಮನಸ್ಸಿನಲ್ಲಿ ಕೂತಿತು.

ಆ ಹೆಸರು ಕೂರುವುದು ಸಹಜವೇ. ಎರಡು ಸಾವಿರ ವರ್ಷದ ಮಾತು ಅದರ ಹಿಂದಿದೆ. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡೀಸ್ ‘ಫೂ’ ಅನ್ನುವ ಬೇರಿನ ಬಗ್ಗೆ ಬರೆದಿದ್ದಾನೆ. ಮೈಗೆ ಬಿಸಿ ಕೊಡುತ್ತದೆ, ಮೂತ್ರ ಸರಾಗ ಮಾಡುತ್ತದೆ ಅನ್ನುತ್ತಾನೆ. ನಿದ್ದೆ ಬಾರದವರಿಗೆ ಇದನ್ನು ಕೊಡುವ ಮಾತು ಎರಡನೇ ಶತಮಾನದ ವೈದ್ಯ ಗ್ಯಾಲೆನ್ ಹೆಸರಿನ ಜೊತೆ ಬರುತ್ತದೆ. 1592ರಲ್ಲಿ ಇಟಲಿಯ ಸಸ್ಯಶಾಸ್ತ್ರಜ್ಞ ಫಾಬಿಯೊ ಕೊಲೊನ್ನಾ ತನಗಿದ್ದ ಮೂರ್ಛೆ ರೋಗಕ್ಕೆ ಈ ಬೇರು ತಗೊಂಡೆ ಅಂತ ಬರೆದ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ದಾಳಿಯ ನಡುವೆ ನಡುಗುತ್ತಿದ್ದ ಇಂಗ್ಲೆಂಡಿನ ಜನ ನರ ಶಾಂತಿಗೆ ಇದನ್ನೇ ಕುಡಿದರು. ‘ವಲೇರಿಯನ್’ ಅನ್ನುವ ಹೆಸರು ಗಟ್ಟಿಯಾಗಿರು, ಆರೋಗ್ಯವಾಗಿರು ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂತು ಅನ್ನುತ್ತಾರೆ.

ಇದರಲ್ಲೇ ಒಂದು ಎಚ್ಚರಿಕೆಯೂ ಇದೆ. ಡಯಾಸ್ಕೊರಿಡೀಸ್ ಹೇಳಿದ ಫೂ, ಇವತ್ತು ನಾವು ಔಷಧಿಗೆ ಬೆಳೆಯುವ ವಲೇರಿಯಾನಾ ಅಫಿಸಿನಾಲಿಸ್ ಅಲ್ಲ, ಅದೇ ಕುಲದ ಬೇರೊಂದು ಜಾತಿ ಇರಬೇಕು ಅಂತ ಸಸ್ಯಶಾಸ್ತ್ರ ಓದಿದವರು ಹೇಳುತ್ತಾರೆ. ಅಂದರೆ ಹೆಸರಿನ ಗೊಂದಲ ಮೊದಲಿನಿಂದಲೂ ಇದೆ. ಮೇಡಂ ಬಿದ್ದದ್ದೂ ಅದೇ ಹಳ್ಳಕ್ಕೆ.

ಮೊದಲ ವರ್ಷ ಹೋದದ್ದು ಹೇಗೆ

ಮೇಡಂ ಒಂದು ನರ್ಸರಿಯಿಂದ ಹತ್ತು ಸಸಿ ತಂದರು. ಚೀಟಿಯ ಮೇಲೆ ‘ವಲೇರಿಯನ್’ ಅಂತಿತ್ತು. ಬಿಸಿಲು ಚೆನ್ನಾಗಿ ಬೀಳುವ ಕಡೆ ನೆಟ್ಟರು. ಸಸಿಗಳು ಭರ್ಜರಿಯಾಗಿ ಬಂದವು. ಬೇಸಿಗೆ ನಡುವೆ ಗೊಂಚಲು ಗೊಂಚಲು ಕೆಂಪು ಹೂವು. ಖುಷಿಯಿಂದ ನನಗೆ ಫೋಟೋ ಕಳಿಸಿದರು. “ಬೇರು ಯಾವಾಗ ಕೀಳಬೇಕು ಹೇಳಿ” ಅಂತ ಕೇಳಿದ್ದರು.

ನಮ್ಮ ಪರಿಚಯ ಶುರುವಾದದ್ದು ಆ ಫೋಟೋದಿಂದ. ನೋಡಿದ ತಕ್ಷಣ ನನಗೆ ಸಂಕಟವಾಯಿತು. ಎಲೆಗಳು ನುಣುಪು, ಒಂದೇ ತುಂಡು, ಮೇಲೆ ಬೂದಿ ಬಳಿದಂತೆ ತಿಳಿ ನೀಲಿ ಛಾಯೆ. ಅದು ಕೆಂಪು ವಲೇರಿಯನ್. ಸಸ್ಯಶಾಸ್ತ್ರದ ಹೆಸರು ಸೆಂಟ್ರಾಂತಸ್ ರೂಬರ್. ಅಂದಕ್ಕೆ ಬೆಳೆಯುವ ಗಿಡ, ಒಣ ಕಲ್ಲು ಗೋಡೆಯ ಸಂದಿಯಲ್ಲೂ ಬೆಳೆಯುತ್ತದೆ. ನಿದ್ದೆಗೆ ಹೆಸರಾದ ಬೇರು ಇದರದ್ದಲ್ಲ.

ಔಷಧಿಯ ವಲೇರಿಯನ್ ಗುರುತು ಬೇರೆಯೇ. ಅದರ ಒಂದೊಂದು ಎಲೆಯೂ ಗರಿಯ ಹಾಗೆ ಸೀಳಿರುತ್ತದೆ, ನಡುದಂಟಿನ ಎರಡೂ ಕಡೆ ಜೋಡಿ ಜೋಡಿ ಕಿರುಎಲೆ, ಅಂಚಿನಲ್ಲಿ ಹಲ್ಲು. ಹೂವು ಬಿಳಿ, ಇಲ್ಲವೇ ತೀರಾ ತಿಳಿ ಗುಲಾಬಿ. ಹೂದಂಡು ನಮ್ಮ ಎದೆಯ ಎತ್ತರಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಹೂವೇ ಇಲ್ಲದ ಸಸಿಯಲ್ಲೂ ಎಲೆ ನೋಡಿದರೆ ಸಾಕು, ಎರಡನ್ನೂ ಬೇರ್ಪಡಿಸಬಹುದು.

ಕನ್ನಡ ಓದುಗರಿಗೆ ಇನ್ನೊಂದು ಮಾತು. ವಲೇರಿಯನ್ ಅಂದರೆ ಜಟಾಮಾಂಸಿ ತಾನೇ ಅಂತ ನನ್ನನ್ನು ತುಂಬಾ ಜನ ಕೇಳಿದ್ದಾರೆ. ಅಲ್ಲ. ಹಿಮಾಲಯದಲ್ಲಿ ಬೆಳೆಯುವ ವಲೇರಿಯಾನಾ ಜಟಾಮಾನ್ಸಿ ಅನ್ನುವ ಗಿಡವೇ ಆಯುರ್ವೇದದ ತಗರ. ಅದು ವಲೇರಿಯನ್‌ನ ಹತ್ತಿರದ ಸಂಬಂಧಿ, ಎಲೆ ಮಾತ್ರ ಹೃದಯದಾಕಾರ. ಜಟಾಮಾಂಸಿ ಅನ್ನುವುದು ನಾರ್ಡೊಸ್ಟ್ಯಾಕಿಸ್ ಅನ್ನುವ ಮತ್ತೊಂದು ಗಿಡ. ಕಾಡಿನಿಂದ ವಿಪರೀತ ಕಿತ್ತು ಅಳಿವಿನ ಅಂಚಿಗೆ ಬಂದಿದೆ. ಇದು ಸಾಲದು ಅಂತ ಹಿಂದಿಯಲ್ಲಿ ‘ತಗರ್’ ಅಂದರೆ ನಂದಿಬಟ್ಟಲು ಹೂವಿನ ಗಿಡ! ಹೆಸರು ಹೇಳಿ ಗಿಡ ತರಲು ಹೋದವರು ಏನು ತಂದಾರು ಹೇಳಿ.

ಮೇಡಂ ಆ ಹತ್ತು ಗಿಡಗಳನ್ನು ಕೀಳಲಿಲ್ಲ. “ಅದರ ತಪ್ಪೇನಿದೆ, ಚೆನ್ನಾಗಿ ಹೂ ಬಿಡ್ತಿದೆಯಲ್ಲ” ಅಂದರು. ಗೋಡೆಯ ಬದಿಗೆ ಬದಲಿಸಿ ನೆಟ್ಟರು. ಔಷಧಿಯ ಲೆಕ್ಕದಲ್ಲಿ ಒಂದು ವರ್ಷ ಹೋಯಿತು.

ಬೀಜದ ಪಾಡು

ಮುಂದೆ ಬೀಜದಿಂದಲೇ ಬೆಳೆಸೋಣ ಅಂತ ನಿರ್ಧರಿಸಿದೆವು. ಯಾರದೋ ಬಳಿ ಇದ್ದ ಬೀಜ ತರಿಸಿ ಆ ಶರತ್ಕಾಲದಲ್ಲೇ ಬಿತ್ತಿದರು. ಒಂದೂ ಹುಟ್ಟಲಿಲ್ಲ. ವಿಚಾರಿಸಿದಾಗ ಅದು ಮೂರು ವರ್ಷ ಹಳೆಯ ಬೀಜ. ವಲೇರಿಯನ್ ಬೀಜಕ್ಕೆ ಆಯುಸ್ಸು ಕಡಿಮೆ. ವರ್ಷ ದಾಟಿದರೆ ನಂಬುವ ಹಾಗಿಲ್ಲ. ಇನ್ನೊಂದು ತಪ್ಪೂ ಆಗಿತ್ತು. ತರಕಾರಿ ಬೀಜದ ಹಾಗೆ ಬೆರಳಿನ ಗೆಣ್ಣು ಆಳಕ್ಕೆ ಹಾಕಿ ಮಣ್ಣು ಮುಚ್ಚಿದ್ದರು. ಈ ಬೀಜಕ್ಕೆ ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಸಾಕು.

ವಸಂತದಲ್ಲಿ ಹೊಸ ಬೀಜ ಬಂತು. ಈ ಸಲ ಟ್ರೇಯಲ್ಲಿ, ಮೇಲೆಯೇ ಹಾಕಿದರು. ಮೇಲಿನಿಂದ ನೀರು ಸುರಿದರೆ ಬೀಜ ಕೊಚ್ಚಿ ಹೋಗುತ್ತದೆ, ಅದಕ್ಕೆ ಟ್ರೇಯನ್ನೇ ನೀರಿನಲ್ಲಿಟ್ಟು ಕೆಳಗಿನಿಂದ ನೀರು ಕುಡಿಸಿದರು. ಮೂರನೇ ವಾರಕ್ಕೆ ಹಸಿರು ಕಂಡಿತು. ಕೊನೆಗೆ ನೆಡುವಂಥ ಸಸಿ ಉಳಿದದ್ದು 13.

ಮಡಿಗೆ ಹಳೆಯ ಗೊಬ್ಬರ ಹಾಕಿ, ಸಡಿಲ ಮಾಡಿ, ಒಂದೂವರೆ ಅಡಿಗೆ ಒಂದರಂತೆ ನೆಟ್ಟರು. ವಲೇರಿಯನ್ ನೀರು ಕೇಳುವ ಗಿಡ. ಕಾಡಿನಲ್ಲಿ ಅದು ತೊರೆಯ ದಂಡೆ, ತೇವದ ಹುಲ್ಲುಗಾವಲಲ್ಲೇ ಜಾಸ್ತಿ. ಮಣ್ಣು ಒಣಗಲು ಬಿಡಬಾರದು, ಹಾಗಂತ ನೀರು ನಿಲ್ಲಲೂಬಾರದು. ಮೊದಲ ವರ್ಷ ಗಿಡ ನೆಲಮಟ್ಟದಲ್ಲೇ ಎಲೆಗಳ ಗುಚ್ಛವಾಗಿ ಕೂತಿತ್ತು. ಒಂದೆರಡು ಎಲೆಗೆ ಹೇನು ಬಂತು, ನೀರು ಚಿಮ್ಮಿಸಿ ತೊಳೆದರು. ಬೇರೆ ತೊಂದರೆ ಇರಲಿಲ್ಲ.

ಆ ಶರತ್ಕಾಲಕ್ಕೆ ಮೇಡಂಗೆ ತಾಳ್ಮೆ ಮುಗಿದಿತ್ತು. “ಒಂದಾದರೂ ಕಿತ್ತು ನೋಡೋಣ, ಸುಮ್ನೆ.” ಒಂದು ಗಿಡ ಅಗೆದೆವು. ಕೈಯಳತೆಗೂ ಸಾಲದ ಸಣ್ಣ ಗುಂಜು, ಎಳೆ ಬೇರು. ಮೊದಲ ವರ್ಷವೇ ಬೇರು ತೆಗೆಯುವ ರೂಢಿಯೂ ಇದೆ, ಆದರೆ ಅದು ಬೇಗ ನೆಟ್ಟು, ಚೆನ್ನಾಗಿ ಉಣಿಸಿದ ಹೊಲದಲ್ಲಿ. ಇಲ್ಲಿ ಉಳಿದ 12 ಗಿಡಗಳನ್ನು ಇನ್ನೊಂದು ವರ್ಷ ಬಿಡುವುದು ಅಂತಾಯಿತು. ಈ ಇಡೀ ಪ್ರಕರಣದಲ್ಲಿ ನಾವು ಸರಿಯಾಗಿ ಮಾಡಿದ ಮೊದಲ ಕೆಲಸ ಅದೇ ಅನ್ನಿಸುತ್ತದೆ.

ಹೂವಾ, ಬೇರಾ?

ಮರುವರ್ಷ ವಸಂತ ಮುಗಿಯುವಾಗ ಹೂದಂಡುಗಳು ನುಗ್ಗಿ ಬಂದವು. ಬೇರು ಬೇಕು ಅನ್ನುವವರು ಮಾಡಬೇಕಾದದ್ದು ಒಂದೇ. ಹೂದಂಡು ಕಾಣುತ್ತಿದ್ದ ಹಾಗೆ ಕತ್ತರಿಸುವುದು. ಹೂವಿಗೆ, ಬೀಜಕ್ಕೆ ಹೋಗುವ ಶಕ್ತಿ ಆಗ ಬೇರಿಗೆ ಇಳಿಯುತ್ತದೆ.

ಮೇಡಂ ಕತ್ತರಿ ಹಿಡಿದು ನಿಂತರು. ಕತ್ತರಿಸಲಾಗಲಿಲ್ಲ. ಒಂದು ದಂಡಿನಲ್ಲಿ ಆಗಲೇ ಹೂ ಬಿಟ್ಟಿತ್ತು. ಹತ್ತಿರ ಹೋದರೆ ವೆನಿಲ್ಲಾ ನೆನಪಿಸುವ ಸಿಹಿ ಪರಿಮಳ, ಸುತ್ತ ಜೇನು, ಸಣ್ಣ ಸಣ್ಣ ನೊಣ. “ನೀವೇ ಹೇಳಿ, ಇದನ್ನ ಕಡಿಯೋಕೆ ಮನಸ್ಸು ಬರುತ್ತಾ?” ಅಂದರು. ನನಗೂ ಬರಲಿಲ್ಲ.

ಒಂದು ರಾಜಿ ಮಾಡಿಕೊಂಡೆವು. ಆರು ಗಿಡದ ದಂಡು ಕತ್ತರಿಸುವುದು, ಆರನ್ನು ಹೂವಿಗೆ ಬಿಡುವುದು. ಬಿಟ್ಟ ಆರರಲ್ಲೂ ಬೀಜ ಕಟ್ಟುವ ಮೊದಲು ತಲೆ ಕೊಯ್ಯಬೇಕು ಅಂತ ಷರತ್ತು. ವಲೇರಿಯನ್ ಬೀಜದ ತುದಿಗೆ ನಯವಾದ ಕುಚ್ಚು ಇರುತ್ತದೆ, ಗಾಳಿಗೆ ಹಾರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ತನ್ನ ಮೂಲ ನೆಲೆ ಅಲ್ಲದ ಕೆಲವು ಕಡೆ ಅದು ಕಳೆಯಾಗಿ ಹಬ್ಬಿ ತಲೆನೋವಾಗಿದೆ. ತೋಟದ ಬೇಲಿಯಾಚೆ ಏನಾಗುತ್ತದೆ ಅನ್ನುವುದೂ ಬೆಳೆಯುವವರ ಹೊಣೆ ಅಂತ ನಾನು ನಂಬಿದ್ದೇನೆ.

ಶರತ್ಕಾಲದಲ್ಲಿ ತೂಕ ಹಾಕಿದಾಗ ಹೂ ಬಿಟ್ಟ ಆರು ಗಿಡದ ಹಸಿ ಬೇರು ಸುಮಾರು 900 ಗ್ರಾಂ. ದಂಡು ಕತ್ತರಿಸಿದ ಆರರದ್ದು 1.4 ಕೆಜಿ. ಹನ್ನೆರಡೇ ಗಿಡ, ಎರಡು ಸಲಕ್ಕೂ ಒಂದು ವಾರದ ಅಂತರ. ಇದನ್ನು ಪ್ರಯೋಗ ಅನ್ನಲಾರೆ. ಆದರೂ ತಕ್ಕಡಿ ನೋಡಿದ ಮೇಲೆ ಮೇಡಂಗೆ ಕತ್ತರಿಯ ಅರ್ಥ ಹೊಳೆಯಿತು.

ಬೇರು ಕಿತ್ತ ಎರಡು ವಾರ

ಮೊದಲ ವಾರ ಹೂ ಬಿಟ್ಟ ಆರು ಗಿಡ ಅಗೆದರು. ಆ ದಿನ ನಾನು ಇರಲಿಲ್ಲ. ಎಲೆ ಒಣಗಿ ಬಿದ್ದಿತ್ತು, ಕಾಲ ಸರಿಯಾಗಿತ್ತು. ಮುಂದಿನದ್ದೇ ಎಡವಟ್ಟು.

ವಲೇರಿಯನ್ ಬೇರನ್ನು ಕೈಯಲ್ಲಿ ಹಿಡಿದು ನೋಡಿದರೆ ತೊಳೆಯುವ ಕಷ್ಟ ಏನು ಅಂತ ಗೊತ್ತಾಗುತ್ತದೆ. ನಡುವೆ ಹೆಬ್ಬೆರಳು ಗಾತ್ರದ ಗಡ್ಡೆ. ಅದರ ಸುತ್ತ ನೂರಾರು ತೆಳು ಬೇರು, ಸೆಣಬಿನ ದಾರದ ದಪ್ಪ, ಒಂದಕ್ಕೊಂದು ಹೆಣೆದುಕೊಂಡು ಗಡ್ಡದ ಹಾಗೆ ಇಳಿಬಿದ್ದಿರುತ್ತವೆ. ಮಣ್ಣೆಲ್ಲ ಆ ಹೆಣಿಗೆಯೊಳಗೆ. ಮೇಡಂ ಬಕೆಟ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರು. ಬೆಳಿಗ್ಗೆ ಬ್ರಷ್ ಹಿಡಿದು ಉಜ್ಜಿದರು. ಬೇರು ಬೆಳ್ಳಗೆ ಹೊಳೆಯಿತು. ಹೊರಗೆ ಮಳೆ ಹಿಡಿದಿತ್ತು, ಹಾಗಾಗಿ ಓವನ್‌ನಲ್ಲಿ 80 ಡಿಗ್ರಿಗೆ ಇಟ್ಟು ಒಣಗಿಸಿದರು. ಮನೆಯೆಲ್ಲ ವಾಸನೆ. “ಔಷಧಿ ಎಷ್ಟು ಸ್ಟ್ರಾಂಗ್ ಇದೆ ನೋಡಿ, ಬೀದಿಗೂ ಬರ್ತಿದೆ” ಅಂತ ಫೋನ್ ಮಾಡಿದರು.

ಅವರ ಖುಷಿ ಮುರಿಯಲು ನನಗೆ ಇಷ್ಟವಿರಲಿಲ್ಲ, ಆದರೂ ಹೇಳಲೇಬೇಕಿತ್ತು. ಮನೆ ತುಂಬಿದ ವಾಸನೆ ಅಂದರೆ ಬೇರು ಬಿಟ್ಟು ಹೋದ ಎಣ್ಣೆ. ವಲೇರಿಯನ್‌ನ ಪರಿಮಳದ ಎಣ್ಣೆ ಬೇರಿನ ನಡುವೆ ಅಡಗಿರುವುದಿಲ್ಲ. ಸಿಪ್ಪೆಯ ಕೆಳಗೇ ಇರುವ ಒಂದು ತೆಳು ಪದರದ ಕೋಶಗಳಲ್ಲಿ ಇರುತ್ತದೆ. ಬ್ರಷ್‌ನಿಂದ ಉಜ್ಜಿದರೆ ಮೊದಲು ಹೋಗುವುದೇ ಅದು. ರಾತ್ರಿಯೆಲ್ಲ ನೆನೆಸಿದರೆ ನೀರಿಗೆ ಬಿಡುವಂಥದ್ದು ನೀರಿಗೆ ಹೋಗುತ್ತದೆ. 80 ಡಿಗ್ರಿ ಬಿಸಿಗೆ ಉಳಿದದ್ದು ಆವಿಯಾಗುತ್ತದೆ. ವ್ಯಾಲೆಪೋಟ್ರಿಯೇಟ್ ಅನ್ನುವ ಅಂಶಗಳಂತೂ ಬಿಸಿಗೆ ಬೇಗ ಒಡೆಯುತ್ತವೆ. ಈ ಬೇರನ್ನು 40 ಡಿಗ್ರಿಗಿಂತ ಕೆಳಗೆ ಒಣಗಿಸಬೇಕು ಅನ್ನುವುದು ಇದಕ್ಕೇ.

ಎರಡನೇ ವಾರ ನಾನೂ ಹೋದೆ. ಹಾರೆಯನ್ನು ಗಿಡದಿಂದ ಒಂದು ಅಡಿ ದೂರ ಇಳಿಸಿ, ಸುತ್ತ ಸಡಿಲ ಮಾಡಿ, ಇಡೀ ಗುಂಜು ಎತ್ತಿದೆವು. ಚಿಗುರು ಇರುವ ಗಡ್ಡೆಯ ತಲೆ ಕತ್ತರಿಸಿ ಬದಿಗಿಟ್ಟೆವು, ಅದನ್ನು ಮತ್ತೆ ನೆಡಬಹುದು. ಉಳಿದದ್ದನ್ನು ಉದ್ದಕ್ಕೆ ಸೀಳಿದೆವು. ಸೀಳಿದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಪೈಪಿನ ನೀರು ಒಳಗೆ ಹೊಕ್ಕು ಮಣ್ಣು ಐದು ನಿಮಿಷಕ್ಕೆ ಇಳಿಯುತ್ತದೆ. ಬ್ರಷ್ ಮುಟ್ಟಲಿಲ್ಲ. ಜರಡಿಯ ಮೇಲೆ ತೆಳುವಾಗಿ ಹರಡಿ, ಕತ್ತಲೆ ಕೋಣೆಯಲ್ಲಿ ಫ್ಯಾನ್ ಹಾಕಿದೆವು. ಪಕ್ಕದಲ್ಲಿ ಒಂದು ಥರ್ಮಾಮೀಟರ್. 35 ಡಿಗ್ರಿ ದಾಟಲು ಬಿಡಲಿಲ್ಲ. ಹತ್ತು ದಿನ ಹಿಡಿಯಿತು. ಬಗ್ಗಿಸಿದರೆ ಬಾಗದೆ ಪಟ್ ಅಂತ ಮುರಿದಾಗ ಒಣಗಿದೆ ಅಂತ ತಿಳಿದೆವು. 1.4 ಕೆಜಿ ಬೇರು 350 ಗ್ರಾಂ ಆಗಿತ್ತು.

ಹಸಿ ಬೇರಿಗೆ ವಾಸನೆ ಕಡಿಮೆ. ಒಣಗುತ್ತಾ ಬಂದ ಹಾಗೆ ಐಸೊವಲೆರಿಕ್ ಆಮ್ಲ ಬಿಡುಗಡೆಯಾಗುತ್ತದೆ. ಬೆವರಿದ ಪಾದದ ವಾಸನೆಯಲ್ಲಿ ಇರುವುದೂ ಅದೇ ಆಮ್ಲ. ಎರಡೂ ವಾರದ ಬೇರನ್ನು ಬೇರೆ ಬೇರೆ ಬಟ್ಟಲಿಗೆ ಹಾಕಿ ಮುರಿದು ಮೂಸಿ ನೋಡಿದೆವು. ಓವನ್ನಿನದ್ದು ಕಡು ಕಂದು, ಸ್ವಲ್ಪ ಸುಟ್ಟ ವಾಸನೆ, ಅಷ್ಟೇ. ಕೋಣೆಯಲ್ಲಿ ಒಣಗಿದ್ದು ತಿಳಿ ಕಂದು, ಮೂಗಿಗೆ ಚುಚ್ಚುವ ಹಾಗೆ. ಮೊದಲನೆಯದನ್ನು ಕುಡಿಯಲು ಬಳಸುವುದು ಬೇಡ ಅಂತ ತೀರ್ಮಾನವಾಯಿತು. ಮೇಡಂ ಅದನ್ನು ಬಟ್ಟೆ ಚೀಲಕ್ಕೆ ಹಾಕಿ ಅಂಗಳದಲ್ಲಿಟ್ಟರು. ಎರಡು ದಿನದಲ್ಲಿ ಬೆಕ್ಕುಗಳು ಚೀಲ ಹರಿದು, ಅದರ ಮೇಲೆ ಹೊರಳಾಡಿ, ಚೆಲ್ಲಾಪಿಲ್ಲಿ ಮಾಡಿದ್ದವು. ಬೆಕ್ಕುಗಳಿಗೆ ಈ ಬೇರು ಅಂದರೆ ಹುಚ್ಚು. ಒಳ್ಳೆಯ ಬೇರು ಗಾಜಿನ ಭರಣಿಯಲ್ಲಿ, ಬಿಗಿ ಮುಚ್ಚಳದೊಳಗೆ, ಬೀರುವಿನಲ್ಲಿ ಉಳಿಯಿತು.

ಲೋಟಕ್ಕೆ ಬಂದ ಮೇಲೆ

ಯುರೋಪಿಯನ್ ಔಷಧಿ ಸಂಸ್ಥೆಯ ಗಿಡಮೂಲಿಕೆ ಸಮಿತಿ ವಲೇರಿಯನ್ ಬೇರಿನ ಬಗ್ಗೆ ವಿವರವಾದ ಮಾರ್ಗಸೂಚಿ ಕೊಟ್ಟಿದೆ. ನಾನು ಅದನ್ನೇ ಆಧಾರ ಮಾಡಿಕೊಂಡು ಮೇಡಂಗೆ ಹೇಳಿದೆ. ಒಂದು ಲೋಟಕ್ಕೆ, ಅಂದರೆ ಸುಮಾರು 150 ಮಿಲಿ ಕುದಿಯುವ ನೀರಿಗೆ, 0.3ರಿಂದ 3 ಗ್ರಾಂವರೆಗೆ ಒಣ ಬೇರು. ನಾವು 2 ಗ್ರಾಂ ಇಟ್ಟುಕೊಂಡೆವು. ನೀರು ಸುರಿದು ಹತ್ತು ನಿಮಿಷ ಮುಚ್ಚಿಡಬೇಕು. ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಬಾರದು. ಮಲಗುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕುಡಿಯಬೇಕು. ಪರಿಣಾಮ ನಿಧಾನ, ಎರಡರಿಂದ ನಾಲ್ಕು ವಾರ ಬಿಡದೆ ತಗೊಂಡರೆ ಗೊತ್ತಾಗಬಹುದು. 12 ವರ್ಷದೊಳಗಿನ ಮಕ್ಕಳಿಗೆ ಬೇಡ. ಬಸುರಿಯರು, ಹಾಲುಣಿಸುವವರು ತಗೊಳ್ಳಬಾರದು. ಈ ಟೀ ಕುಡಿದ ಮೇಲೆ ವಾಹನ ಓಡಿಸಬಾರದು.

ಇದು ಎಷ್ಟು ಕೆಲಸ ಮಾಡುತ್ತದೆ ಅನ್ನುವುದನ್ನೂ ಮುಚ್ಚಿಡಲಿಲ್ಲ. ಅದೇ ಸಮಿತಿ ಒಂದು ಬಗೆಯ ಮದ್ಯಸಾರದ ಸತ್ವವನ್ನು ಮಾತ್ರ ಪರೀಕ್ಷೆಯ ಆಧಾರವಿರುವ ಔಷಧಿ ಅಂತ ಒಪ್ಪಿದೆ. ಬೇರಿನ ಟೀಯನ್ನು ಒಪ್ಪಿರುವುದು ಬಹುಕಾಲದ ಬಳಕೆಯ ಬಲದ ಮೇಲೆ. 2006ರಲ್ಲಿ 16 ಪರೀಕ್ಷೆಗಳನ್ನು ಒಟ್ಟಿಗೆ ನೋಡಿದ ಒಂದು ವಿಮರ್ಶೆ, ನಿದ್ದೆ ಸುಧಾರಿಸಬಹುದು ಆದರೆ ಪರೀಕ್ಷೆಗಳ ಗುಣಮಟ್ಟ ಸಾಲದು ಅಂದಿತು. 2017ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಸಂಸ್ಥೆ ದೀರ್ಘಕಾಲದ ನಿದ್ರಾಹೀನತೆಗೆ ವಲೇರಿಯನ್ ಬಳಸದಿರುವುದು ಒಳ್ಳೆಯದು ಅಂತ ಸಲಹೆ ಕೊಟ್ಟಿತು. ಆತಂಕಕ್ಕೆ ಕೊಡುವ ವೇಲಿಯಮ್ ಮಾತ್ರೆ ಇದರಿಂದಲೇ ಆಗಿದ್ದು ಅನ್ನುವ ನಂಬಿಕೆ ಮೇಡಂಗೂ ಇತ್ತು. ಅದೂ ಬರೀ ಹೆಸರಿನ ಹೋಲಿಕೆ. ಅದು ಕಾರ್ಖಾನೆಯಲ್ಲಿ ತಯಾರಾದ ಬೇರೆಯೇ ರಾಸಾಯನಿಕ.

ಮೇಡಂ ಎಲ್ಲ ಕೇಳಿಸಿಕೊಂಡು “ಮೂರು ವರ್ಷ ಬೆಳೆದಿದ್ದೇನೆ, ಕುಡಿದು ನೋಡಿಯೇ ನೋಡುತ್ತೇನೆ” ಅಂದರು.

ನಾಲ್ಕನೇ ರಾತ್ರಿ ಲೋಟ ಮುಗಿಸಿ ಮಲಗಿದರು. ಒಂದು ಗಂಟೆಯಾದರೂ ನಿದ್ದೆ ಬರಲಿಲ್ಲ. ಎದ್ದು ಮಾತ್ರೆಯನ್ನೂ ನುಂಗಿದರು. ಬೆಳಿಗ್ಗೆ ತಲೆ ಕಲ್ಲಿನ ಹಾಗೆ. ಬಚ್ಚಲಿಗೆ ಹೋಗುವಾಗ ತೂರಾಡಿ ಗೋಡೆ ಹಿಡಿದುಕೊಂಡರಂತೆ. ಹತ್ತು ಗಂಟೆಗೆ ನನಗೆ ಫೋನ್ ಬಂತು.

ನಾನು ಬೆವರಿದೆ. ಬೇರನ್ನು ಎಷ್ಟು ಡಿಗ್ರಿಯಲ್ಲಿ ಒಣಗಿಸಬೇಕು ಅಂತ ಹೇಳಿದ್ದೆ. ಎಷ್ಟು ಗ್ರಾಂ, ಎಷ್ಟು ನಿಮಿಷ ಅಂತ ಹೇಳಿದ್ದೆ. ಮಾತ್ರೆ ಮನೆಯಲ್ಲಿದೆ ಅಂತ ನನಗೆ ಮೊದಲ ದಿನದಿಂದ ಗೊತ್ತಿತ್ತು. ಎರಡನ್ನೂ ಒಂದೇ ರಾತ್ರಿ ತಗೊಳ್ಳಬೇಡಿ ಅನ್ನುವ ಒಂದು ಮಾತು ಮಾತ್ರ ಹೇಳಿರಲಿಲ್ಲ. ಅವರಿಗೇ ಗೊತ್ತಿರುತ್ತದೆ ಅಂದುಕೊಂಡೆ. ಮಂಪರು ತರುವ ಬೇರೆ ಔಷಧಿಯ ಜೊತೆ ವಲೇರಿಯನ್ ತಗೊಳ್ಳುವುದಾದರೆ ವೈದ್ಯರ ನಿಗಾ ಬೇಕು ಅಂತ ಅದೇ ಮಾರ್ಗಸೂಚಿಯಲ್ಲಿದೆ. ಓದಿದ್ದೆ. ಅವತ್ತು ಬಿದ್ದು ಸೊಂಟ ಮುರಿದುಕೊಂಡಿದ್ದರೆ ಅನ್ನುವ ಯೋಚನೆ ಈಗಲೂ ಬರುತ್ತದೆ.

ಎರಡನ್ನೂ ನಿಲ್ಲಿಸಿ ಅವತ್ತೇ ವೈದ್ಯರನ್ನು ನೋಡಿ ಅಂದೆ. ವೈದ್ಯರು ಬೈಯಲಿಲ್ಲ. ಬೇರು ಕುಡಿಯುವುದಾದರೆ ಮಾತ್ರೆ ಮುಟ್ಟಬೇಡಿ, ನಾಲ್ಕು ವಾರ ಪ್ರತಿ ರಾತ್ರಿಯ ಲೆಕ್ಕ ಬರೆದು ತನ್ನಿ ಅಂದರು. ಪ್ರಕರಣ ತಿರುಗಿದ್ದು ಅಲ್ಲಿ.

ಪುಸ್ತಕದಲ್ಲಿ ಸಿಕ್ಕ ಸಾಲು

ಮೇಡಂ ಒಂದು ಗೆರೆ ಹಾಕಿದ ಪುಸ್ತಕ ತಂದರು. ಮಲಗಿದ ಹೊತ್ತು, ನಿದ್ದೆ ಹತ್ತಿದ ಅಂದಾಜು, ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಬೆಳಿಗ್ಗೆ ಹೇಗಿತ್ತು. ಮೊದಲ ವಾರ ಏನೂ ಬದಲಾಗಲಿಲ್ಲ. ಮೂರನೇ ವಾರದ ಹೊತ್ತಿಗೆ ನಿದ್ದೆ ಹತ್ತುವುದು ಬೇಗ ಆಗಿತ್ತು. ಮೊದಲು ಒಂದು ಗಂಟೆ ಅಂತ ಬರೆದ ಕಡೆ ಅರ್ಧ ಗಂಟೆ, 40 ನಿಮಿಷ ಅಂತ ಬರುತ್ತಿತ್ತು. ಬೇರಿನ ಗುಣವೋ, ಪ್ರತಿ ರಾತ್ರಿ ಒಂದೇ ಹೊತ್ತಿಗೆ ದೀಪ ಆರಿಸಿ ಕೂತು ಬಿಸಿ ಲೋಟ ಹಿಡಿಯುವ ಅಭ್ಯಾಸದ ಗುಣವೋ, ಒಬ್ಬರ ಪುಸ್ತಕದಿಂದ ಬಿಡಿಸಿ ಹೇಳಲಾಗದು.

ಎಚ್ಚರವಾಗುವ ಅಂಕಣ ಮಾತ್ರ ಕದಲಲಿಲ್ಲ. ಎರಡು, ಮೂರು, ಎರಡು, ಮೂರು. ಬೆಳಗಿನ ಸುಸ್ತೂ ಹಾಗೆಯೇ.

19ನೇ ರಾತ್ರಿಯ ಪುಟದಲ್ಲಿ ಬೇರೆ ಕೈಬರಹದ ಒಂದು ಸಾಲಿತ್ತು. ಮೇಡಂ ಗಂಡ ಬರೆದದ್ದು. ಪುಸ್ತಕ ಮಂಚದ ಪಕ್ಕವೇ ಇತ್ತು, ಅವರಿಗೆ ಎಚ್ಚರವಾದಾಗ ಕೈಗೆ ಸಿಕ್ಕಿದೆ. “ಗೊರಕೆ ಜೋರು. ನಡುವೆ ಉಸಿರು ನಿಂತ ಹಾಗಾಯ್ತು. ಆಮೇಲೆ ಒಮ್ಮೆಲೇ ಎಳೆದುಕೊಂಡು ಎದ್ದಳು.”

ಮೇಡಂಗೆ ಅದು ನೆನಪೇ ಇರಲಿಲ್ಲ. ಸಾಲನ್ನು ಓದಿದ್ದರು, ದೊಡ್ಡದು ಅಂತ ಅನ್ನಿಸಿರಲಿಲ್ಲ. ವೈದ್ಯರು ಪುಟ ತಿರುಗಿಸುತ್ತಾ ಬಂದು ಅಲ್ಲಿ ನಿಂತರು. ಗಂಡನನ್ನೂ ಒಳಗೆ ಕರೆದು ಕೇಳಿದರು. ಇದು ಎಷ್ಟು ದಿನದಿಂದ? “ವರ್ಷಗಳಿಂದ ಇದೆ. ಗೊರಕೆ ಅಲ್ವಾ ಅಂತ ಸುಮ್ಮನಿದ್ದೆ.”

ರಾತ್ರಿಯ ನಿದ್ದೆ ಪರೀಕ್ಷೆ ಆಯಿತು. ಸ್ಲೀಪ್ ಆಪ್ನಿಯಾ ಅಂತ ಬಂತು. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಂಡು ಉಸಿರು ತಡೆಯುತ್ತದೆ, ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ಎಷ್ಟೋ ಸಲ ಎದ್ದದ್ದು ನೆನಪೂ ಇರುವುದಿಲ್ಲ. ಇದಕ್ಕೆ ಯಾವ ಬೇರೂ ಮದ್ದಲ್ಲ. ನಿದ್ದೆ ಮಾತ್ರೆಗಳಲ್ಲಿ ಕೆಲವಂತೂ ಉಸಿರಾಟವನ್ನು ಇನ್ನಷ್ಟು ಮಂದ ಮಾಡುತ್ತವೆ. ವೈದ್ಯರು ಮಾತ್ರೆ ನಿಲ್ಲಿಸಿದರು. ಚಿಕಿತ್ಸೆ ಒಂದು ಹದಕ್ಕೆ ಬರುವವರೆಗೆ ವಲೇರಿಯನ್ ಕೂಡ ಬೇಡ ಅಂದರು. ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಯಂತ್ರ ಬಂತು. ಮೊದಲ ಎರಡು ವಾರ ಮೇಡಂ ಅದರ ಜೊತೆ ಜಗಳವಾಡಿದರು. ಎರಡು ತಿಂಗಳಿಗೆ ಪುಸ್ತಕದ ಎಚ್ಚರದ ಅಂಕಣದಲ್ಲಿ ಸೊನ್ನೆಗಳು ಬರತೊಡಗಿದವು.

ನಾನು ಇದನ್ನು ಎಷ್ಟೋ ಸಲ ಹಿಂದೆ ಮುಂದೆ ಮಾಡಿ ನೋಡಿದ್ದೇನೆ. ಮೊದಲ ವರ್ಷ ‘ವಲೇರಿಯನ್’ ಅನ್ನುವ ಚೀಟಿಯ ಕೆಳಗೆ ಬೇರೆ ಗಿಡವಿತ್ತು. ನಾನು ಒಂದು ಎಲೆ ನೋಡಿ ಹಿಡಿದೆ. ‘ನಿದ್ದೆ ಬರಲ್ಲ’ ಅನ್ನುವ ಚೀಟಿಯ ಕೆಳಗೂ ಬೇರೆಯೇ ಕಾಯಿಲೆ ಇತ್ತು. ಅದನ್ನು ಮೂರು ವರ್ಷ ಯಾರೂ ನೋಡಲಿಲ್ಲ. ನಾನು ನೋಡಬೇಕಾದವನಲ್ಲ, ವೈದ್ಯನಲ್ಲ, ಸರಿ. ಆದರೆ ವೈದ್ಯರ ಬಳಿ ಇನ್ನೊಮ್ಮೆ ಹೋಗಿ ಬನ್ನಿ, ಎಷ್ಟು ಸಲ ಏಳುತ್ತೀರಿ, ಬೆಳಿಗ್ಗೆ ಹೇಗಿರುತ್ತೀರಿ ಎಲ್ಲ ಹೇಳಿ ಅಂತ ಮೊದಲ ವರ್ಷವೇ ಹೇಳಬಹುದಿತ್ತು. ಗಿಡದ ಮೇಲಿನ ಪ್ರೀತಿಯಲ್ಲಿ ಅದು ಹೊಳೆಯಲಿಲ್ಲ.

ಈಗ ಯಾರಾದರೂ ನಿದ್ದೆಗೆ ವಲೇರಿಯನ್ ಬೆಳೆಯಬೇಕು ಅಂತ ಬಂದರೆ ನಾನು ಮೊದಲು ಎಲೆಯ ಫೋಟೋ ಕೇಳುತ್ತೇನೆ, ಬೀಜ ಯಾವ ವರ್ಷದ್ದು ಅಂತ ಕೇಳುತ್ತೇನೆ. ಆಮೇಲೆ ಯಾವ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ ಅಂತ ಕೇಳುತ್ತೇನೆ. ಕೊನೆಗೆ ಇನ್ನೊಂದು ಪ್ರಶ್ನೆ. ನಿಮ್ಮ ಪಕ್ಕದಲ್ಲಿ ಮಲಗುವವರು ಏನು ಹೇಳುತ್ತಾರೆ? ಕೆಲವರು ನಗುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಸುಮ್ಮನಾದವರನ್ನು ಬೀಜಕ್ಕಿಂತ ಮೊದಲು ವೈದ್ಯರ ಬಳಿ ಕಳಿಸುತ್ತೇನೆ. ಎರಡು ಮೂರು ವಾರ ಪುಸ್ತಕ ಬರೆದು ನೋಡಿ ಅಂತಲೂ ಹೇಳುತ್ತೇನೆ, ಬೇರು ಕೈಗೆ ಬರಲು ಹೇಗೂ ವರ್ಷ ಬೇಕು.

ಮೇಡಂ ಮತ್ತೆ ವಲೇರಿಯನ್ ಕುಡಿಯಲು ಶುರು ಮಾಡಿಲ್ಲ, ಬೇಕಾಗಿಲ್ಲ. ಭರಣಿಯಲ್ಲಿ ಮುಕ್ಕಾಲು ಪಾಲು ಬೇರು ಹಾಗೇ ಇದೆ. ಮಡಿ ಇದೆ. ಅವತ್ತು ಬದಿಗಿಟ್ಟ ಗಡ್ಡೆಯ ತಲೆಗಳನ್ನು ಮತ್ತೆ ನೆಟ್ಟಿದ್ದರು, ಆರರಲ್ಲಿ ಐದು ಚಿಗುರಿದವು. ಬೇರು ಬೇಡವಾದ ಮೇಲೆ ಹೂದಂಡು ಕತ್ತರಿಸುವ ಮಾತೇ ಇಲ್ಲ. ಕಳೆದ ಬೇಸಿಗೆಯಲ್ಲಿ ಹೋದಾಗ ಐದೂ ಗಿಡ ಎದೆಯೆತ್ತರಕ್ಕೆ ಹೂ ಬಿಟ್ಟು ನಿಂತಿದ್ದವು. ಮೇಡಂ ಕತ್ತರಿಯನ್ನು ಬೇಲಿಗೆ ನೇತುಹಾಕಿದ್ದರು. ಹೂವು ಬಾಡಿ ಕುಚ್ಚು ಕಾಣುವ ದಿನಕ್ಕೆ ಅದು. “ಇನ್ನೂ ಒಂದು ವಾರ ಇದೆ” ಅಂದರು.